ಹೆರೆಮಣೆ ಮಂಜು

ಮೂರಕ್ಕೆ ನೂರು, ಮೂರಕ್ಕೆ ನೂರು...
ಮೊದಲು ಮಲಯಾಳ, ತಿರುವಿನಲ್ಲಿ ತುಳು,
ನಮ್ಮ ಕ್ವಾರ್ಟರ್ಸಿನ ಗೇಟಿಗೆ ಬರುವಾಗ ಕನ್ನಡ,
ಕೂಗುತ್ತಿತ್ತು ಗೂಡ್ಸ್ ರಿಕ್ಷಾ.
ಬೆಲೆ ಯಾವ ಭಾಷೆಯಲ್ಲೂ ಇಳಿಯಲಿಲ್ಲ.
ಮೂರು ಅನಾನಸು ತಂದೆ, ಜುಟ್ಟು ಹಿಡಿದು,
ಜಗಳದಲ್ಲಿ ಗೆದ್ದವಳ ಹಾಗೆ.

ರಾತ್ರಿ ಹೊಲಿಗೆ ಮೆಷಿನ್ ಮುಚ್ಚಿದ ಮೇಲೆ
ಸಿಪ್ಪೆ ತೆಗೆದೆ. ಕಣ್ಣುಗಳು ಉಳಿದವು.
ಅನಾನಸಿನ ಕಣ್ಣು ಒಂದೊಂದಾಗಿ ಕೀಳಬಾರದು, ಹಣ್ಣು ಹಾಳು.
ಅವು ಓರೆಯಾಗಿ ಸಾಲು ಹಿಡಿದಿರುತ್ತವೆ
ಕ್ರಾಸ್ ಕಟ್ಟಿಂಗಿನ ರವಕೆಯಂತೆ,
ಆ ಓರೆಯಲ್ಲೇ ಚೂರಿ ಹೋಗಬೇಕು.
ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದ ಕೈಗೆ
ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಮಿಕ್ಸಿಯಲ್ಲಿ ಒಂದು ಸುತ್ತು. ಸಕ್ಕರೆ, ಚಿಟಿಕೆ ಉಪ್ಪು,
ಗಾಂಧಾರಿ ಮೆಣಸು ಒಂದೇ ಒಂದು, ಅದೂ ಸೀಳಿ, ಬೀಜ ತೆಗೆದು.
ಸ್ಟೀಲಿನ ಬಟ್ಟಲುಗಳಿಗೆ ಹೊಯ್ದು ಫ್ರೀಜರಿಗೆ.
ನಾಳೆ ಇನ್ನೊಂದು ಸುತ್ತು ತಿರುಗಿಸಿದರೆ ಆಯಿತು.
ಅಷ್ಟೇ. ಅದಕ್ಕೊಂದು ಹೆಸರೂ ಬೇಡ.

ಮಧ್ಯಾಹ್ನ ಹನ್ನೆರಡೂವರೆಗೆ ಕರೆಂಟು ಹೋಯಿತು.
ಮೊಬೈಲಿಗೆ ಮೆಸೇಜು ಬಂತು, ಮಲಯಾಳದಲ್ಲಿ.
ನನಗೆ ಆಡಲು ಬರುತ್ತದೆ, ಬೈಯಲೂ. ಓದಲು ಬಾರದು.
ಮಗಳು ಅಶ್ವಿತಾ ಓದಿದಳು:
"ಹೈವೇ ಕೆಲಸ. ಐದು ಗಂಟೆವರೆಗೆ ಇಲ್ಲವಂತೆ."
ಫ್ರೀಜರಿನ ಬಾಗಿಲಿಂದ ಆಗಲೇ ಒಂದು ಹನಿ.
ಬಾಯಿ ತೆರೆದು ಕೂತಿತ್ತು ಮಿಕ್ಸಿ.

ಹೆರೆಮಣೆ ಎಳೆದುಕೊಂಡೆ.
ಬಟ್ಟಲಿನ ತಳಕ್ಕೆ ಅಂಗೈ ಒತ್ತಿ ಹಿಡಿದರೆ
ತೆಂಗಿನ ಕಡಿಯ ಹಾಗೆ ಜಾರಿ ಬಂತು ಹಳದಿ ಗಟ್ಟಿ.
ಯಾರದೋ ಮದುವೆ ರವಕೆಯ ಉಳಿದ ತುಂಡು ಸುತ್ತಿ
ಹಲ್ಲಿಗೆ ಒತ್ತಿದೆ.
ಕರ್, ಕರ್.
ಬಿತ್ತು. ಕಾಯಿತುರಿಗಿಂತ ಹಗುರ,
ತಟ್ಟೆ ಮುಟ್ಟುವ ಮೊದಲೇ ಅಂಚು ಕರಗಿ.
"ಮಂಜೇಶ್ವರದಲ್ಲಿ ಮಂಜು!" ಎಂದು ಕೂಗಿದಳು ಅಶ್ವಿತಾ,
ಸಾಲಿನ ಆರೂ ಬಾಗಿಲಿಗೆ ಕೇಳುವ ಹಾಗೆ.

ಬಂದರು. ಹೈವೇ ಧೂಳು ಸೆರಗಲ್ಲಿ ಒರೆಸುತ್ತ
ತಮ್ಮ ತಮ್ಮ ಲೋಟ, ತಮ್ಮ ತಮ್ಮ ಚಮಚ ಹಿಡಿದು.
ಸುಂದರಿಯಕ್ಕನಿಗೆ ಹಲ್ಲಿಲ್ಲ,
ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚಿದರು.
ಕಾಯಿಯ ವಾಸನೆ ಉಂಟಲ್ಲ, ಎಂದರು ಒಬ್ಬರು.
ಹೆರೆಮಣೆ ಮತ್ತೆ ಯಾವ ವಾಸನೆ ಕೊಡಬೇಕು, ಎಂದೆ.

ಕೊನೆ ರೂಮಿನ ಮಿಸ್ರಿಯಾ ಮಾತ್ರ ಲೋಟ ತಂದಿರಲಿಲ್ಲ.
ನನ್ನದೇ ಲೋಟ ತುಂಬಿ ಚಾಚಿದೆ.
ತೆಗೆದುಕೊಂಡಳು. ಮೂಗಿನ ಹತ್ತಿರ ತಂದಳು,
ಹನಿ ಕಟ್ಟಿದ ಹೊರಮೈಗೆ ಕೆನ್ನೆ ಒತ್ತಿದಳು,
ಹಿಂದೆ ಕೊಟ್ಟಳು.
"ಬೇಡ ಅಕ್ಕ. ಶೀತ ಆಗಿದೆ."

ಮೇ ತಿಂಗಳ ಶೀತ.
ಚಮಚಗಳು ಒಂದೊಂದಾಗಿ ನಿಂತವು.

ಹೋದ ವಾರ ಚೂಡಿದಾರ ತಂದಿದ್ದಳು, ಹೊಸತೇ,
ಬದಿಯಲ್ಲಿ ಒಂದಿಂಚು ಬಿಡಿಸಿ ಕೊಡಿ ಎಂದು.
ನಾನು ಎರಡು ಬಿಟ್ಟಿದ್ದೆ. ಏನೂ ಕೇಳಿರಲಿಲ್ಲ.
ಟೇಪಿಗೆ ಗೊತ್ತಾದದ್ದು ಬಾಯಿಗೆ ಬರಬಾರದು.
ಹಾಗಿದ್ದೂ ಅನಾನಸು ಚಾಚಿದೆನಲ್ಲ!
ಹೆರೆಯುವ ಗೌಜಿಯಲ್ಲಿ ಮರೆತೆನೆ,
ಅಥವಾ...
ಬಿಡಿ.

ಸುಂದರಿಯಕ್ಕ ಕಣ್ಣು ತೆರೆಯದೆಯೇ ಕೇಳಿದರು:
"ಏತ್ ತಿಂಗೊಳು?"
ಪಯ್ಯನ್ನೂರಿನ ಹುಡುಗಿಗೆ ತುಳು ತಿಳಿಯದು
ಎಂದು ನಾವೆಲ್ಲ ಎಣಿಸಿದ್ದೆವು.
ಒದ್ದೆ ಕೈಯ ಮೂರು ಬೆರಳು ಎತ್ತಿದಳು.

ಫ್ರೀಜರಿನ ಮೂಲೆಯಲ್ಲಿ ಬರೀ ನೀರಿನ ಬಟ್ಟಲು ಒಂದಿತ್ತು.
ಹೆರೆಮಣೆ ತೊಳೆದೆ, ಹಳದಿ ವಾಸನೆ ಹೋಗುವವರೆಗೆ,
ಮತ್ತೆ ಕೂತೆ.
ಲಿಂಬೆ, ಉಪ್ಪು, ಸಕ್ಕರೆ, ಅವಳ ಪಾಲಿಗೆ ಬಿಳಿ.
ಯಾರೂ ಮಾತಾಡಲಿಲ್ಲ, ಎಲ್ಲರ ಮುಖದಲ್ಲೂ ಮಾತಿತ್ತು.

ಅಶ್ವಿತಾ ಒಬ್ಬಳೇ ನನ್ನ ಭುಜ ಅಲುಗಿಸುತ್ತಿದ್ದಳು:
ಏನು ಮೂರು? ಏನಮ್ಮ ಮೂರು?
"ಅನಾನಸು," ಎಂದೆ. "ನೂರಕ್ಕೆ."