ಎಳೆಯ ತುದಿ

ಈಗ ನನ್ನ ಬಳಿ ಸ್ಕೂಟರಿಲ್ಲ, ಡಸ್ಟರಿದೆ.
ಚಿಕ್ಕಬಳ್ಳಾಪುರದ ಕಾಲೇಜು, ಎರಡನೇ ಮಹಡಿ,
ಕಿಟಕಿಯಲ್ಲಿ ಸ್ಕಂದಗಿರಿ, ಅರ್ಧ ಮೋಡದೊಳಗೆ.
ಮೂವತ್ತೊಂದು ಜನ, ಮೊದಲ ಸೆಮಿಸ್ಟರು.
ಹಾಜರಿ ಕೂಗಿದರೆ ಎಲ್ಲರೂ ಇದ್ದೇವೆ ಅನ್ನುತ್ತಾರೆ.
ಹನ್ನೊಂದು ವರ್ಷ ನಾನು ಹೆಸರು ಹಿಡಿದು ಕೂಗಿದ ಮನೆಗಳಲ್ಲಿ
ಮೊದಲು ‘ಇಲ್ಲ’ ಬರುತ್ತಿತ್ತು,
ಆಮೇಲೆ ಮಂಚದ ಕೆಳಗಿಂದ ಒಂದು ಪುಟ್ಟ ಕಾಲು.

ಬೋರ್ಡಿನ ಮೇಲೆ ಬರೆಯುತ್ತೇನೆ: ಪರಾನುಭೂತಿ.
ಬಳಪ ಮೊದಲ ಅಕ್ಷರಕ್ಕೇ ಮುರಿಯುತ್ತದೆ.
“ಇದು ಐದು ಮಾರ್ಕಿಗಾ, ಹತ್ತಕ್ಕಾ ಮೇಡಂ?”
ಹತ್ತಕ್ಕೆ, ಅಂದೆ. ಸುಳ್ಳಲ್ಲ.
ಪಠ್ಯದಲ್ಲಿ ಅದಕ್ಕೆ ನಾಲ್ಕು ಲಕ್ಷಣಗಳಿವೆ,
ಚಪ್ಪಲಿಯ ಮಾತು ಎಲ್ಲೂ ಇಲ್ಲ.
ಬಾಗಿಲಿಗೆ ಮೂತಿ ಮಾಡಿ ಬಿಟ್ಟರೆ ಒಳಗೆ ಬರುವವಳು,
ಬೀದಿಗೆ ಮೂತಿ ಮಾಡಿ ಬಿಟ್ಟರೆ ಬೇಗ ಹೋಗುವವಳು;
ಹೆಂಗಸರು ಅದನ್ನೇ ಮೊದಲು ನೋಡುತ್ತಾರೆ.
ಯಾರೂ ಬರೆದುಕೊಳ್ಳಲಿಲ್ಲ.
ಗುಡಿಬಂಡೆಯ ಹುಡುಗಿಯೊಬ್ಬಳು ಮಾತ್ರ
ತನ್ನ ಕಾಲು ನೋಡಿಕೊಂಡಳು.

ಶನಿವಾರ ಫೀಲ್ಡ್‌ವರ್ಕ್ ವರದಿಗಳು.
ವೆಂಕಟರವಣನದು ದುಂಡು ಅಕ್ಷರ:
‘ಮನೆ ಅಶುಚಿಯಾಗಿದೆ. ತಾಯಿ ಸಹಕರಿಸಲಿಲ್ಲ.’
ಕೆಂಪು ಪೆನ್ನಿನಲ್ಲಿ ಅಂಚಿಗೆ ಬರೆದೆ:
ನೀರು ಕೊಟ್ಟರಾ? ಕುಡಿದೆಯಾ?
ಬಾಗೇಪಲ್ಲಿಯ ಮನೆ, ‘ಕೂರ್ಚೋ ನಾಯನಾ’ ಅಂದಿರಬೇಕಲ್ಲ,
ನಿನ್ನ ಮನೆಯ ತೆಲುಗನ್ನು ಹೊರಗೆ ಬಿಟ್ಟು
ಪುಸ್ತಕದ ಕನ್ನಡದಲ್ಲಿ ಯಾಕೆ ಕೇಳಿದೆ?
ಮೊದಲು ತೆರೆದದ್ದು ನಿನ್ನ ಪೆನ್ನೋ, ಅವಳ ಬಾಯೋ?
ಅಂಚು ಸಾಲಲಿಲ್ಲ.

ನನ್ನ ಮೊದಲ ವರ್ಷದ ವರದಿಗಳಲ್ಲೂ ಅದೇ ‘ಸಹಕರಿಸಲಿಲ್ಲ’.
ಸಹಿ ಹಾಕಿದ ನರಸಿಂಹಪ್ಪನವರು
ಒಂದು ಗೆರೆಯನ್ನೂ ಎಳೆದಿರಲಿಲ್ಲ.

ಶಿಡ್ಲಘಟ್ಟದ ಕೇಸು ಹೇಳಿ ಮೇಡಂ, ಅನ್ನುತ್ತಾರೆ.
ಹೇಳುತ್ತೇನೆ, ಸೆಕ್ಷನ್ನುಗಳ ಸಮೇತ.
ನೂಲು ಬಿಚ್ಚುವ ಶೆಡ್ಡು, ಬೆಳಗಿನ ಐದು ಗಂಟೆ,
ಸತ್ತ ಹುಳದ ವಾಸನೆ ಸೆರಗಿಗೆ ಅಂಟಿದರೆ
ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ.
ಬಿಸಿನೀರ ಬೋಗುಣಿಯ ಮುಂದೆ ಮುನಿರತ್ನ,
ವಯಸ್ಸು ಹನ್ನೆರಡು, ಬೆರಳು ಬಿಳಿಚಿ, ನೆರಿಗೆಬಿದ್ದು, ಅಜ್ಜಿಯವು.
ನಾನು ಪ್ರಶ್ನೆಪಟ್ಟಿ ತೆಗೆದರೆ ಅವಳೇ ಪಾಠ ಮಾಡಿದಳು:
“ಗೂಡನ್ನ ಎಳೀಬಾರ್ದು ಅಕ್ಕಾ, ಎಳೆ ಹರಿದೋಗ್ತೈತೆ.
ಮೇಲ್‌ಮೇಲೆ ಸವರ್ತಾ ಇರಬೇಕು.
ತುದಿ ತಾನೇ ಕೈಗೆ ಬರ್ತೈತೆ.”

ಬಿಡಿಸಿದೆವು. ಹಾಸ್ಟೆಲಿಗೆ ಸೇರಿಸಿದೆವು. ಫೈಲು ಮುಚ್ಚಿತು.
“ಆಮೇಲೆ ಏನಾದ್ಲು?”
ಕೊನೆಯ ಬೆಂಚಿಂದ ಗುಡಿಬಂಡೆಯ ಹುಡುಗಿ.

ಸ್ಕಂದಗಿರಿಯ ಮೋಡ ಸರಿದಿತ್ತು.
ಗೊತ್ತಿಲ್ಲ, ಅಂದೆ.
ಬಳಪದ ಪುಡಿಗೆ ಬಿಳಿಚಿದ್ದ ಬೆರಳನ್ನು
ಸೀರೆಗೆ ಒರೆಸಿಕೊಂಡೆ.

ರಾತ್ರಿ ಈಗ ಫೋನು ಬರುವುದಿಲ್ಲ,
ಆದರೂ ದಿಂಬಿನ ಪಕ್ಕ ಇಟ್ಟೇ ಮಲಗುತ್ತೇನೆ.
ಕೆಲಸ ಬಿಟ್ಟೆಯಾ, ಬಡ್ತಿಯಾ, ಓಡಿಬಂದೆಯಾ?
ಮೂರಕ್ಕೂ ಹೌದೆನ್ನುವ ದಿನಗಳಿವೆ,
ಒಂದಕ್ಕೂ ಅಲ್ಲವೆನ್ನುವ ದಿನಗಳೂ.

ಮುಂದಿನ ಶನಿವಾರ ವೆಂಕಟರವಣನ ಅರ್ಧ ಪುಟ:
‘ಇವತ್ತು ಏನೂ ಕೇಳಲಿಲ್ಲ.
ಹೊಸ್ತಿಲ ಹೊರಗೆ ಕೂತು ಅವರೆಕಾಯಿ ಸುಲಿದುಕೊಟ್ಟೆ.
ಚೊಂಬಿನ ನೀರಿನಲ್ಲಿ ಸ್ವಲ್ಪ ಮಣ್ಣಿತ್ತು.’
ಉದ್ದೇಶ, ವಿಧಾನ, ಫಲಿತಾಂಶ, ಮೂರು ಕಾಲಮ್ಮೂ ಖಾಲಿ.

ಕೆಂಪು ಪೆನ್ನಿನ ಮುಚ್ಚಳ ತೆಗೆದೆ,
ಹಾಕಿದೆ.
ಹತ್ತಕ್ಕೆ ಎಷ್ಟೆಂದು
ಇನ್ನೂ ಬರೆದಿಲ್ಲ.