ಹೊಲಿಗೆ ಬೇಡ

ಎಡಗಿವಿಯೊಳಗೆ ದೀಪ ಬಿಟ್ಟು ನೋಡಿ
ಡಾಕ್ಟರಮ್ಮ ಅಂದರು: ರಾಗಿಕಾಳಷ್ಟು ತೂತು.
ಹೊಲಿಗೆ ಬೇಡ, ತಾನೇ ಕೂಡುತ್ತೆ,
ನೀರು ಮಾತ್ರ ಸೋಕಬಾರದು.

ಹೇಗಾಯ್ತು ಅಂದರು. ಬಾಗಿಲು ಬಡೀತು ಅಂದೆ.
ಅವರು ಕೆನ್ನೆಯ ಮೇಲಿನ ಬೆರಳು ಎಣಿಸಿದರು.

ಪೀಣ್ಯದ ಗಾರ್ಮೆಂಟ್ಸಿನಲ್ಲಿ ದಿನಕ್ಕೆ ನಾನೂರು ಕಾಲರ್
ಕೂಡಿಸುವವಳು ನಾನು, ನಗು ಬಂತು: ದಾರವಿಲ್ಲದೆಯಾ?
ಅಂಚಿನಿಂದ ತೆಳ್ಳಗೆ ಬೆಳೆಯುತ್ತಂತೆ,
ಆರಿದ ಹಾಲಿಗೆ ಕೆನೆ ಕಟ್ಟಿದ ಹಾಗೆ.

ಏಳು ವಾರ ವ್ಯಾಸಲೀನ್ ಸವರಿದ ಹತ್ತಿ,
ಸ್ನಾನ ಕುತ್ತಿಗೆಯಿಂದ ಕೆಳಗೆ.
ಬಲಕ್ಕೆ ಹೊರಳಿದರೆ
ಜಾಲಹಳ್ಳಿ ಕ್ರಾಸಿನ ಲಾರಿಗಳೆಲ್ಲ
ಅರಳೆಯ ಮೇಲೆ ಓಡುತ್ತಿದ್ದವು.

ನಿನ್ನೆ ರಾತ್ರಿ
ಮೂರನೇ ಮೆಟ್ಟಿಲಲ್ಲೇ ಅವನ ಚಪ್ಪಲಿ
ಎಡಗಿವಿಗೇ ಮೊದಲು ಸಿಕ್ಕಿತು.
ಎದ್ದೆ. ಒಳಚಿಲಕ ಹಾಕಿದೆ.
ಕಬ್ಬಿಣ ಕಬ್ಬಿಣಕ್ಕೆ ತಾಗಿದ್ದು
ಎರಡೂ ಕಿವಿಗೆ ಕೇಳಿತು.