ಹನ್ನೆರಡರಿಂದ ನಾಲ್ಕು

ವಿಮೆಯವರ ಕಾಗದ ಬಂದಿದೆ, ಸ್ಪಾಲ್ಡಿಂಗಿನ ನನ್ನ ಮನೆಗೆ.
ಬಲು ವಿನಯದ ಭಾಷೆ. ಕೆಳಗೊಂದು ಪಟ್ಟಿ:
ಕಳೆದ ಆರು ತಿಂಗಳಲ್ಲಿ
ಜೋರು ಬ್ರೇಕು ಹತ್ತೊಂಬತ್ತು ಬಾರಿ,
ರಾತ್ರಿ ಹನ್ನೆರಡರಿಂದ ನಾಲ್ಕರೊಳಗೆ ಓಡಾಟ ನಲವತ್ತೊಂದು ಸಲ.
ಅಪಾಯದ ಹೊತ್ತು; ಆದ್ದರಿಂದ ಕಂತು ಏರಿದೆ.

ಅಪಾಯದ ಹೊತ್ತೇ, ಹೌದು.
ನಾನು ಸೂಲಗಿತ್ತಿ, ಸ್ವಾಮಿ.
ಕೂಸುಗಳು ಕಚೇರಿ ವೇಳೆ ನೋಡಿಕೊಂಡು ಬರುವುದಿಲ್ಲ.

ಬ್ರೇಕು ಎಂದಿರಲ್ಲ,
ಒಂದು, ಕಾಲುವೆ ದಂಡೆಯ ತಿರುವಿನಲ್ಲಿ ನರಿ,
ಬಾಯಲ್ಲಿ ಯಾರದೋ ಚಪ್ಪಲಿ.
ಇನ್ನೊಂದು, ಲಾರಿಯಿಂದ ಉರುಳಿದ ಎಲೆಕೋಸು,
ಮಂಜಿನಲ್ಲಿ ತಲೆಯಂತೆ ಕಂಡಿತು.
ಮೂರನೆಯದಕ್ಕೆ ಕಾರಣವಿಲ್ಲ.
ಅವತ್ತು, ಅಳದೇ ಹುಟ್ಟಿದ ಕೂಸನ್ನು
ಬಟ್ಟೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಟ್ಟು
ಹಿಂದಿರುಗುತ್ತಿದ್ದೆ.
ಖಾಲಿ ರಸ್ತೆ. ಕಾಲು ತಾನಾಗಿ ಒತ್ತಿತು.
ಉಳಿದ ಹದಿನಾರು ನನಗೆ ನೆನಪಿಲ್ಲ.
ಅದಕ್ಕಿದೆ.

ನಾನು ಕೊಂಡದ್ದು ಕಾರು.
ಸಹಿ ಹಾಕಿದ್ದು ಶೋರೂಮಿನ ಹುಡುಗ ತೋರಿಸಿದಲ್ಲಿ,
ಗಾಜಿನ ಮೇಲೆ, ಉಗುರಿನಲ್ಲಿ.
ಪೂರ್ತಿ ಓದಿದ್ದರೆ ಸಂಜೆಯಾಗುತ್ತಿತ್ತು,
ಅವನಿಗೆ ಊಟದ ಹೊತ್ತು.

ನನ್ನದು ಹೋಗಲಿ.
ಫೆಬ್ರವರಿಯ ಒಂದು ರಾತ್ರಿ,
ಸಮುದ್ರದ ಒಡ್ಡಿನ ಕಡೆ ಒಂದು ಮನೆ. ಊರು ಹೇಳಲಾರೆ.
ಹುಡುಗಿಯ ಹೆಸರೂ.
ಅವಳ ತಾಯಿ ನನ್ನ ಮೊಣಕೈ ಹಿಡಿದು ಕೇಳಿದ್ದು ಒಂದೇ:
ಹೊಟ್ಟೆಯಲ್ಲಿಟ್ಟುಕೊಳ್ಳಿ.
ಇಟ್ಟುಕೊಂಡೆ. ನನ್ನ ಗಂಡನಿಗೂ ಹೇಳಲಿಲ್ಲ,
ಬೆಳಿಗ್ಗೆ ಯಾಕೆ ಅಷ್ಟು ಹೊತ್ತು ಕೈ ತೊಳೆದೆನೆಂದು.
ಆದರೆ ಅದು ಹೊರಗೇ ನಿಂತಿತ್ತಲ್ಲ,
ಆ ಬಾಗಿಲಿನೆದುರು ಮೂರು ಗಂಟೆ ಹನ್ನೆರಡು ನಿಮಿಷ,
ದೀಪ ಆರಿಸಿ, ಎಂಜಿನ್ ತಣ್ಣಗಾಗಿ,
ನಿದ್ದೆ ಹೋದಂತೆ.
ಕಾರಿಗೆ ಹೊಟ್ಟೆಯಿಲ್ಲ. ಇರುವುದು ಡಿಕ್ಕಿ ಮಾತ್ರ.

ಮೊನ್ನೆ ಪರದೆಯೊಳಗೆ ಹನ್ನೊಂದು ಮೆಟ್ಟಿಲು ಇಳಿದು
ಒಂದು ಗುಂಡಿ ಹುಡುಕಿ ಒತ್ತಿದೆ.
ಇನ್ನು ಹಂಚುವುದಿಲ್ಲ, ಎಂದಿತು.
ಯಾರಿಗೆ, ಎಂದು ಹೇಳಲಿಲ್ಲ.

ಅದಕ್ಕೇ ಈಗ, ನೋವು ಇನ್ನೂ ಎಳೆಯದಿರುವ ರಾತ್ರಿಗಳಲ್ಲಿ,
ಎರಡು ಬೀದಿ ಈಚೆಗೇ ನಿಲ್ಲಿಸುತ್ತೇನೆ, ಚರ್ಚಿನ ಗೋಡೆಗೆ ಒತ್ತಿ.
ಚೀಲ ಹೆಗಲಿಗೆ, ಸಿಲಿಂಡರು ಕೈಗೆ,
ಉಳಿದದ್ದು ನಡಿಗೆ.
ಅಪರಾತ್ರಿಯಲ್ಲಿ ಇಷ್ಟೊಂದು ಭಕ್ತಿಯಿಂದ ಬಂದು ಹೋಗುವವಳು
ಯಾರೆಂದು
ಬರೆದುಕೊಳ್ಳಲಿ.